ಸಪ್ಪಳವಿಲ್ಲದ ಮೋಟಾರು

ಕಲಬುರಗಿಯ ಜಗತ್ ವೃತ್ತದ ಮೋಟಾರು ಅಂಗಡಿಯವನು ಪಂಚಶೀಲಾಳ ಮುಂದೆ ಬಣ್ಣದ ಚಿತ್ರಗಳನ್ನು ಹರಡಿದ. ಎಲ್ಲ ಚಿತ್ರಗಳಲ್ಲೂ ದೋಣಿಗಳು ನೀರನ್ನು ಸೀಳಿಕೊಂಡು ಓಡುತ್ತಿದ್ದವು.

“ಇದು ನೋಡ್ರಿ ಮೇಡಂ. ಬ್ಯಾಟರಿ ಮ್ಯಾಲ ನಡೀತದ ಅಂತ ಯಾರೂ ನಂಬಂಗಿಲ್ಲ, ಅಷ್ಟು ಸ್ಪೀಡ್ ಅದ.”

“ಸಪ್ಪಳ ಎಷ್ಟು ಮಾಡ್ತದ?”

“ಸಪ್ಪಳಾ?” ಅವನು ತಲೆ ಎತ್ತಿದ. “ಪೆಟ್ರೋಲಿನಷ್ಟು ಇರಂಗಿಲ್ಲ ಬಿಡ್ರಿ.”

“ನಸುಕಿನ್ಯಾಗ, ಗಾಳಿ ಇಲ್ಲದಾಗ, ಕೆರ್ಯಾಗ ಇನ್ನೊಂದು ದೋಣಿ ಮ್ಯಾಲ ಕುಂತವ್ರಿಗೆ ಕೇಳಸ್ತದೋ ಇಲ್ಲೋ?”

ಅಂಗಡಿಯವನು ಇನ್ನೊಂದು ಚಿತ್ರ ಮುಂದಿಟ್ಟ. ಮತ್ತೆ ಸ್ಪೀಡಿನ ಮಾತನ್ನೇ ತೆಗೆದ. ಪಂಚಶೀಲಾ ಚಿತ್ರಗಳನ್ನು ಅವನ ಕಡೆಗೆ ಸರಿಸಿ, ಎದ್ದು ಹೊರಬಂದಳು. ಹೊರಗೆ ಆಟೋಗಳ ಗದ್ದಲ ಕಿವಿಗೆ ಬಡಿಯಿತು. ಸಪ್ಪಳವಿಲ್ಲದ್ದನ್ನು ಈ ಊರಿನಲ್ಲಿ ಯಾರು ಮಾರುತ್ತಾರೆ ಅನ್ನಿಸಿತು ಅವಳಿಗೆ.

ಅವಳು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ದಿನಾ ಬೆಳಿಗ್ಗೆ ಕಮಲಾಪುರದಿಂದ ಬಸ್ಸಿನಲ್ಲಿ ಬಂದು, ಸಂಜೆ ಬಸ್ಸಿನಲ್ಲೇ ತಿರುಗಿ ಹೋಗುತ್ತಿದ್ದಳು. ತಂದೆ ಅಂಬಣ್ಣ ಊರ ಹೊರಗಿನ ಕೆರೆಯಲ್ಲಿ ಮೀನು ಹಿಡಿದು ಅವಳನ್ನು ಓದಿಸಿದ್ದ. ಈಗ ಎರಡು ವರ್ಷದಿಂದ ಅವನು ಕೆರೆಯ ಕಡೆ ಮುಖ ಮಾಡಿರಲಿಲ್ಲ. ಅವನ ದೋಣಿ ಮನೆಯ ಹಿಂದೆ ಬೋರಲು ಬಿದ್ದಿತ್ತು, ಅದರ ಮೇಲೆ ಕೋಳಿಗಳು ಕೂರುತ್ತಿದ್ದವು.

ಕಾರಣ ಊರಿಗೆಲ್ಲ ಗೊತ್ತಿತ್ತು. ಆ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರರ ಸಂಘದ್ದು. ಆದರೆ ಹಿಡಿದ ಮೀನು ಕೆಡದೆ ಕಲಬುರಗಿ ಮುಟ್ಟಬೇಕಾದರೆ ಮಹಾದೇವನ ಐಸು ಬೇಕು, ಮಹಾದೇವನ ಗಾಡಿ ಬೇಕು. ಮಹಾದೇವ ಮನೆಯೊಳಗೆ ಮೀನು ಒಯ್ಯದ ಮನೆತನದವನು, ಆದರೂ ಕೆರೆಯ ಮೀನೆಲ್ಲ ತನ್ನದೇ ಎನ್ನುವಂತೆ ನಡೆದುಕೊಳ್ಳುತ್ತಿದ್ದ. ಪೆಟ್ರೋಲ್ ಎಂಜಿನ್ನಿನ ದೋಣಿ ಆ ನೀರಿನಲ್ಲಿ ಅವನೊಬ್ಬನದೇ. ಸಂಘದವರು ಸಂಜೆ ಬಲೆ ಬಿಟ್ಟು ಬಂದರೆ ಮುಂಜಾನೆ ಅರ್ಧ ಬಲೆಗಳು ಬರಿದಾಗಿರುತ್ತಿದ್ದವು. ಯಾರ ಕೆಲಸ ಅನ್ನುವುದು ಎಲ್ಲರಿಗೂ ಅಂದಾಜಿತ್ತು. ಸಂಘದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದವನು ಅಂಬಣ್ಣ ಒಬ್ಬನೇ.

ಅದಾದ ಮುಂದಿನ ವಾರ ಮಹಾದೇವನ ದೋಣಿಯ ಎಂಜಿನ್ನು ಕಾಣೆಯಾಯಿತು. ಅಂಬಣ್ಣ ಕದ್ದಿದ್ದಾನೆ ಎಂದ ಮಹಾದೇವ. ಊರು ನಂಬಲು ಸಾಕ್ಷಿ ಕೇಳಲಿಲ್ಲ. ಅಂಬಣ್ಣ ಯಾವ ಓಣಿಯವನು ಅನ್ನುವುದಷ್ಟೇ ಸಾಕಾಯಿತು. ಮಹಾದೇವನ ಆಳು ನಾಗಣ್ಣ ಅವನನ್ನು ಮನೆಯಿಂದ ಎಳೆದು ತಂದ. ಮೀನಿನ ಹರಾಜು ನಡೆಯುವ ಕಟ್ಟೆಯ ಮೇಲೆ, ದೋಣಿ ಕಟ್ಟುವ ಕಲ್ಲಿನ ಕಂಬಕ್ಕೆ, ನೈಲಾನ್ ಹಗ್ಗದಿಂದ ಅವನ ಕೈ ಹಿಂದಕ್ಕೆ ಮಾಡಿ ಬಿಗಿದ. ಬಿಸಿಲು ನೆತ್ತಿಗೆ ಬರುವವರೆಗೂ ಅಂಬಣ್ಣ ಅಲ್ಲೇ ನಿಂತಿದ್ದ. ಅವನ ಸುತ್ತಲೂ ಹರಾಜು ಎಂದಿನಂತೆ ನಡೆಯಿತು. ಆಮೇಲೆ ಪೊಲೀಸರು ಬಂದು ಬಿಚ್ಚಿ ಕರೆದುಕೊಂಡು ಹೋದರು. ಏನೂ ಸಿಗದೆ ಸಂಜೆಗೆ ಬಿಟ್ಟರು. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಪಂಚಶೀಲಾ ಆಸ್ಪತ್ರೆಯಲ್ಲಿ ಒಬ್ಬ ಮುದುಕಿಯ ಮುರಿದ ಮೊಣಕೈಯ ಎಕ್ಸ್‌ರೇ ತೆಗೆದು ಮುಗಿಸಿ, ಬಂದಿದ್ದ ವಿಡಿಯೊ ತೆರೆದಳು. ಅಪ್ಪ ತಲೆ ತಗ್ಗಿಸಿರಲಿಲ್ಲ. ಕೆರೆಯ ಕಡೆಗೇ ನೋಡುತ್ತ ನಿಂತಿದ್ದ. ಪಕ್ಕದಲ್ಲಿ ಯಾರೋ ನಕ್ಕಿದ್ದು ಕೇಳಿಸಿತು. ಆ ನಗು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವಳಿಗೆ ಬೇಕಾಗಿದ್ದುದು ಒಂದೇ: ಅದೇ ಕಟ್ಟೆ, ಅದೇ ಕಂಬ, ಅದೇ ಮಂದಿ, ಹಗ್ಗದಲ್ಲಿ ಮಹಾದೇವ.

ಮಹಾದೇವ ಆಗಲೇ ಹೊಸ ಎಂಜಿನ್ನು ತಂದು, ಮೊದಲಿನಂತೆ ಬಲೆಗಳನ್ನು ಬರಿದು ಮಾಡುತ್ತಲೇ ಇದ್ದ. ಅವನನ್ನು ಹಿಡಿಯಬೇಕಾದರೆ ಕಳ್ಳತನ ಮಾಡುತ್ತಿರುವಾಗಲೇ ಹಿಡಿಯಬೇಕು. ಹುಟ್ಟು ಹಾಕಿಕೊಂಡು ಹೋದರೆ ಕಟ್ಟಿಗೆ ಕಟ್ಟಿಗೆಗೆ ಬಡಿಯುವ ಸಪ್ಪಳ ನೀರಿನ ಮೇಲೆ ಮೈಲುದೂರ ಕೇಳುತ್ತದೆ. ಸಂಘದವರು ಒಮ್ಮೆ ಹೀಗೆ ಪ್ರಯತ್ನಿಸಿ, ದೂರದಲ್ಲಿ ಅವನ ಎಂಜಿನ್ನು ನಗುತ್ತ ಓಡಿಹೋದದ್ದನ್ನು ಕೇಳಿ ತಿರುಗಿ ಬಂದಿದ್ದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯಾವುದೋ ಡ್ಯಾಮಿನ ಬೋಟಿಂಗಿಗೆ ಹೋಗಿಬಂದವರು, “ಬ್ಯಾಟರಿ ಬೋಟು, ಹೊಂಟದ್ದೇ ಗೊತ್ತಾಗಂಗಿಲ್ಲ” ಎಂದು ಮಾತಾಡುತ್ತಿದ್ದಾಗ ಪಂಚಶೀಲಾಳ ಕೈಯಲ್ಲಿದ್ದ ಚಹಾ ಆರಿಹೋಯಿತು. ಆ ಬೋಟಿಗೆ ಮೋಟಾರು ಕೂರಿಸಿದವನ ಹೆಸರು ಅವರಿಂದಲೇ ಸಿಕ್ಕಿತು. ಕಲಬುರಗಿ ಅಂಚಿನ ಕಪನೂರಿನ ಪರ್ವೇಜ್. ಜಗತ್ ವೃತ್ತದ ಅಂಗಡಿಯಿಂದ ಎದ್ದು ಬಂದವಳು ಅವನನ್ನೇ ಹುಡುಕಿಕೊಂಡು ಹೋದಳು.

ಪರ್ವೇಜ್ ಇ-ರಿಕ್ಷಾಗಳ ಮೋಟಾರು ರಿಪೇರಿ ಮಾಡುವವನು. ಬೋಟಿಂಗ್ ನಡೆಸುವವರಿಗೆ ದೋಣಿಯ ಮೋಟಾರು ತರಿಸಿ ಕೂರಿಸಿಯೂ ಕೊಡುತ್ತಿದ್ದ. ಅವನ ಶೆಡ್ಡಿನ ಹಿಂದೆ ಸಿಮೆಂಟಿನ ಉದ್ದನೆಯ ನೀರಿನ ತೊಟ್ಟಿ ಇತ್ತು. ಅದರ ಅಂಚಿಗೆ ಮೋಟಾರು ಬಿಗಿದು ಪರೀಕ್ಷೆ ಮಾಡುತ್ತಿದ್ದ.

“ದೋಣ್ಯಾಗ ಎಷ್ಟು ಮಂದಿ ಕೂಡ್ತಾರ್ರೀ?” ಎಂದು ಕೇಳಿದ.

“ಇಬ್ರು.”

“ಹಂಗಾದ್ರ ಸಣ್ಣದೇ ಸಾಕು.”

“ಇನ್ನೊಂದು ದೋಣಿ ಎಳಕೊಂಡು ಬರಬೇಕಾಗ್ತದ.”

“ಖಾಲಿದೇನ್ರಿ?”

“ಖಾಲಿ ಅಲ್ಲ. ಅದರಾಗೂ ಇಬ್ರು ಇರ್ತಾರ, ಎಂಜಿನ್ ಇರ್ತದ. ಬರೂದಿಲ್ಲ ಅಂತ ಜಗ್ಗಾಡ್ತಾರ.”

ಪರ್ವೇಜ್ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟ. “ಮೇಡಂ, ಇದು ಬೋಟಿಂಗ್ ಅಲ್ಲ ಅಲಾ?”

ಪಂಚಶೀಲಾ ಫೋನು ತೆಗೆದು ವಿಡಿಯೊ ತೋರಿಸಿದಳು. ಅವನು ಕೊನೆಯವರೆಗೂ ನೋಡಿದ.

“ಯಾರ್ರೀ ಇವರು?”

“ನಮ್ಮಪ್ಪ.”

ಪರ್ವೇಜ್ ಕೈ ಒರೆಸಿಕೊಂಡ. “ಬದ್ಲಾ ತೀರಸ್ಕೊಳ್ಳಾಕ ಮೋಟಾರು ಬೇಕಂತ ಇಲ್ಲೀ ತನಕ ಯಾರೂ ಬಂದಿದ್ದಿಲ್ರಿ,” ಎಂದ. “ಬಂದೀರಿ ಅಂದಮ್ಯಾಲ ಸಸ್ತಾ ಮಾಲು ಮಾತ್ರ ತಗೋಬ್ಯಾಡ್ರಿ.”

ಅವನು ಮೊದಲು ಒಂದು ಬಿಳಿ ಮೋಟಾರನ್ನು ತೊಟ್ಟಿಗೆ ಇಳಿಬಿಟ್ಟ. ನಿಜಕ್ಕೂ ಸಪ್ಪಳವೇ ಇರಲಿಲ್ಲ. ಆದರೆ ಅದಕ್ಕೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆತ ನೋಡಿದರೆ ಮುಳ್ಳು ಅಲುಗಿದ್ದಷ್ಟೇ. “ಇದು ನಿಮ್ಮನ್ನ ಒಯ್ತದ. ನಿಮ್ಮ ವೈರೀನ್ನ ಒಯ್ಯಂಗಿಲ್ಲ.” ಎರಡನೆಯದು ಕರಿಯದು, ದಪ್ಪನೆಯದು. ಚಾಲೂ ಮಾಡಿದ ಕೂಡಲೇ ತೊಟ್ಟಿಯ ನೀರು ಹೊರಗೆ ಚೆಲ್ಲಿತು, ಮುಳ್ಳು ತುದಿಗೆ ಹೋಯಿತು. ಆದರೆ ಒಳಗಿನ ಗೇರುಗಳು ಜೋಳದ ಗಿರಣಿಯಂತೆ ಕಿರುಗುಟ್ಟಿದವು. ಪಂಚಶೀಲಾ ತಲೆ ಅಲ್ಲಾಡಿಸಿದಳು.

ಪರ್ವೇಜ್ ಮೂಲೆಯಲ್ಲಿದ್ದ ಮೂರನೆಯದನ್ನು ತಂದ. ಇದರಲ್ಲಿ ಗೇರಿಲ್ಲ, ನೀರು ತಳ್ಳುವ ಪಂಖ ದೊಡ್ಡದು, ನಿಧಾನ ತಿರುಗುತ್ತದೆ ಎಂದ. ಚಾಲೂ ಆದಾಗ ಪಕ್ಕದ ಕೋಣೆಯಲ್ಲಿ ಫ್ರಿಜ್ಜು ಇದ್ದಂತೆ ಒಂದು ಸಣ್ಣ ಗುಂಯ್. ಮುಳ್ಳು ಬಿಳಿಯದಕ್ಕಿಂತ ಬಹಳ ಮುಂದೆ ಹೋಗಿ ನಿಂತಿತು.

“ಇದೇ ಬೇಕು.”

“ಇದರದೊಂದು ಐಬು ಅದ, ಕೇಳ್ರಿ. ಇದು ಓಡೂದಿಲ್ಲ, ನಡೀತದ. ಅಂವ ಪೆಟ್ರೋಲ್ ಎಂಜಿನ್ ಚಾಲೂ ಮಾಡಿ ಹೊಂಟ ಅಂದ್ರ ನೀವು ನೋಡಕೋತ ಕೂಡಬೇಕು. ಕರೇದು ತಗೊಂಡ್ರ ಬೆನ್ನು ಹತ್ತಬಹುದು.”

ಪಂಚಶೀಲಾ ಯೋಚಿಸಿದಳು. ಕರಿಯದರಲ್ಲಿ ಬೆನ್ನು ಹತ್ತಬಹುದು, ಆದರೆ ಬೆನ್ನು ಹತ್ತಬೇಕಾದ ಪ್ರಸಂಗ ಬಂತು ಅಂದರೆ ಅವನು ಆಗಲೇ ಬಲೆ ಬಿಟ್ಟು ಸಾಚಾ ಆಗಿರುತ್ತಾನೆ. ಮಾಲು ಕೈಯಲ್ಲಿರುವಾಗಲೇ ಪಕ್ಕಕ್ಕೆ ಹೋಗಿ ನಿಲ್ಲಬೇಕು.

“ಬಲಿ ಎತ್ತೂ ಮುಂದ ಅಂವ ಎಂಜಿನ್ ಬಂದ್ ಮಾಡಿರ್ತಾನ,” ಎಂದಳು. “ಅರ್ಧ ಬಲಿ ದೋಣ್ಯಾಗ, ಅರ್ಧ ನೀರಾಗ ಇರ್ತದ. ಗಾಬರ್ಯಾಗಿ ಎಂಜಿನ್ ಜಗ್ಗಿದ ಅಂದ್ರ ಅದರ ಪಂಖ ಬಲಿ ನುಂಗತದ. ಆಮ್ಯಾಲ ಅಂವ ಎಲ್ಲಿ ಓಡ್ತಾನ?”

“ನುಂಗಲಿಲ್ಲಂದ್ರ?”

“ನುಂಗಲಿಲ್ಲಂದ್ರ ನನ್ನ ನಸೀಬು.”

ಬ್ಯಾಟರಿಯ ವಿಷಯದಲ್ಲಿ ಮಾತ್ರ ಪರ್ವೇಜ್ ಅವಳ ಮಾತು ಕೇಳಲಿಲ್ಲ. ಅವಳು ಆಟೋದಲ್ಲಿ ಹಾಕುವ ಭಾರದ ಬ್ಯಾಟರಿ ಸಾಕು ಎಂದಳು. “ಬ್ಯಾಡ್ರಿ. ಅದು ಜಗ್ಗಕೋತ ಜಗ್ಗಕೋತ ಅರ್ಧದಾಗ ಕೂತುಬಿಡ್ತದ. ಬದ್ಲಾ ನಡುಕೆರ್ಯಾಗ ನಿಂತ್ರ ನಗಿಪಾಟಲಾಗ್ತದ,” ಎಂದು ಲಿಥಿಯಂ ಬ್ಯಾಟರಿಯನ್ನೇ ಕಟ್ಟಿಕೊಟ್ಟ. ಮರುದಿನ ತಾನೇ ಕಮಲಾಪುರಕ್ಕೆ ಬಂದು ದೋಣಿಯ ಹಿಂಬದಿಯ ಹಲಗೆಯ ಎತ್ತರ ಅಳೆದ. ಮೋಟಾರಿನ ಕೊಳವೆ ಗಿಡ್ಡವಾದರೆ ಪಂಖ ನೀರಿನ ಮೇಲೆ ಬಂದು ಛಪಛಪ ಎನ್ನುತ್ತದೆ, ಉದ್ದವಾದರೆ ದಂಡೆಯ ಕೆಸರಿಗೆ ತಾಗುತ್ತದೆ ಎಂದು ಹೇಳಿ, ನಡುವಿನದೊಂದು ಆರಿಸಿದ.

ಅಂಬಣ್ಣ ಬಾಗಿಲಲ್ಲಿ ಕೂತು ಇದೆಲ್ಲ ನೋಡುತ್ತಿದ್ದ.

“ಏನ್ ಮಾಡಾಕತ್ತೀಯವ್ವಾ?”

“ದೋಣಿಗೆ ಮೋಟಾರು ಕೂಡಸಾಕತ್ತೀನಿ, ಅಪ್ಪಾ.”

 ಅಂಬಣ್ಣ ದೋಣಿಯ ಮೇಲಿದ್ದ ಕೋಳಿಗಳನ್ನು ತಾನೇ ಎದ್ದು ಓಡಿಸಿದ.

ಸಂಜೆ ನೀರಿಗಿಳಿಸಿ ನೋಡಿದಾಗ ತೊಟ್ಟಿಯಲ್ಲಿಲ್ಲದ ಒಂದು ಗುಂಗು ಕೇಳಿಸಿತು. ಪಂಚಶೀಲಾಳ ಮುಖ ಕಪ್ಪಿಟ್ಟಿತು. ಪರ್ವೇಜ್ ಹಲಗೆಗೆ ಕಿವಿಯಿಟ್ಟು ಆಲಿಸಿ, “ಇದು ಮೋಟಾರಿಂದಲ್ಲ. ನಿಮ್ಮ ಹಲಗಿ ಹಾಡಾಕತ್ತದ,” ಎಂದ. ಹಳೆ ಟೈರಿನ ರಬ್ಬರು ಕೊಯ್ದು ಮೋಟಾರಿಗೂ ಹಲಗೆಗೂ ನಡುವೆ ಇಟ್ಟು ಮತ್ತೆ ಬಿಗಿದ. ಆಮೇಲೆ ಅವನು ದೋಣಿಯಲ್ಲಿ ಹೋದ, ಅವಳು ದಂಡೆಯಲ್ಲಿ ಕಣ್ಣುಮುಚ್ಚಿ ನಿಂತಳು. ಬಹಳ ಹೊತ್ತು ಬರೀ ನೀರುಕೋಳಿಗಳ ಕೂಗು. ಇದ್ದಕ್ಕಿದ್ದಂತೆ ಹತ್ತಿರದಲ್ಲೇ ಯಾರೋ ಕೆಮ್ಮಿದರು. ಕಣ್ಣು ತೆರೆದರೆ ಪರ್ವೇಜ್ ಮುಂದೆಯೇ ತೇಲುತ್ತಿದ್ದ.

ಎರಡು ವರ್ಷಗಳಲ್ಲಿ ಮೊದಲ ಸಲ ಪಂಚಶೀಲಾ ಹಲ್ಲು ಕಾಣುವಂತೆ ನಕ್ಕಳು. ಅದು ಒಳ್ಳೆಯ ನಗುವಾಗಿರಲಿಲ್ಲ.

ಜೊತೆಗೆ ಬರಲು ಅವಳು ಕೇಳಿದ್ದು ಸಾವಿತ್ರಿಬಾಯಿಯನ್ನು. ಸಂಘದ ಅಧ್ಯಕ್ಷೆ, ಅರವತ್ತು ದಾಟಿದ ಹೆಂಗಸು. ಅವಳ ಬಲೆಗಳೇ ಹೆಚ್ಚಾಗಿ ಬರಿದಾಗುತ್ತಿದ್ದವು. ತನ್ನವೆಂದು ಗುರುತಿಗೆ ಅವಳು ಬಲೆಯ ಬೆಂಡುಗಳಿಗೆ ಹಳೆಯ ಕೆಂಪು ಸೀರೆಯ ಚಿಂದಿ ಕಟ್ಟುತ್ತಿದ್ದಳು.

“ನಾ ಬರ್ತೀನಿ,” ಎಂದಳು ಸಾವಿತ್ರಿಬಾಯಿ. “ನಿಮ್ಮಪ್ಪನ್ನ ಕಟ್ಟಿದ ದಿನ ನಾನೂ ಅಲ್ಲೇ ಮೀನಾ ಮಾರಕೋತ ಕುಂತಿದ್ದೆ. ಎದ್ದು ಬಿಚ್ಚಬೇಕಾಗಿತ್ತು. ಐಸಿನ ಚಿಂತಿ ಹತ್ತಿತ್ತು ನನಗ.”

ಪಂಚಶೀಲಾ ಪರವಾಗಿಲ್ಲ ಎನ್ನಲಿಲ್ಲ. ಪರವಾಗಿಲ್ಲ ಅನ್ನುವಂಥದ್ದಲ್ಲ ಅದು ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ನಸುಕಿನಲ್ಲಿ ಹೊರಡುವ ಮುಂದೆ ಅವಳು ಅಪ್ಪನಿಗೆ ಹೇಳಿದಳು. “ಬೆಳಕು ಹರಿದಮ್ಯಾಲ ಕಟ್ಟಿ ಕಡೆ ಬಾ.”

“ನಾ ಒಲ್ಲೆ,” ಎಂದ ಅಂಬಣ್ಣ, ಹೊದ್ದುಕೊಂಡೇ.

ಚಳಿ ಕಚ್ಚುತ್ತಿತ್ತು. ಕೆರೆಯ ಮೇಲೆ ತೆಳ್ಳಗೆ ಮಂಜು. ಜೊಂಡಿನ ಮರೆಯಲ್ಲಿ ಇಬ್ಬರೂ ಕಾದರು. ದೂರದಲ್ಲಿ ಪೆಟ್ರೋಲ್ ಎಂಜಿನ್ನು ಬಂತು, ಸಾವಿತ್ರಿಬಾಯಿಯ ಬಲೆಯಿದ್ದ ಕಡೆ ಹೋಗಿ ನಿಂತಿತು. ಪಂಚಶೀಲಾ ಮೋಟಾರಿನ ಹಿಡಿ ತಿರುಗಿಸಿದಳು. ದೋಣಿ ತಾನಾಗಿ ಜರುಗಿದಂತೆ ಮುಂದೆ ಹೋಯಿತು. 

ಮಂಜಿನೊಳಗಿಂದ ಮೊದಲು ಬೆನ್ನು ಕಾಣಿಸಿತು. ನಾಗಣ್ಣ ಬಗ್ಗಿ ಬಲೆ ಎಳೆಯುತ್ತಿದ್ದ. ಮಹಾದೇವ ಮಫ್ಲರು ಸುತ್ತಿಕೊಂಡು ಕೂತು, ಮೀನು ಬುಟ್ಟಿಗೆ ಬೀಳುವುದನ್ನು ನೋಡುತ್ತಿದ್ದ. ಕೆಂಪು ಚಿಂದಿಗಳು ದೋಣಿಯ ಅಂಚಿನಲ್ಲಿ ಜೋತಾಡುತ್ತಿದ್ದವು. ಪಂಚಶೀಲಾ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದಿದ್ದಳು.

“ಯಾರ ಬಲಿ ಅದು, ಮಹಾದೇವಪ್ಪಾ?” ಎಂದು ಕೇಳಿದಳು ಸಾವಿತ್ರಿಬಾಯಿ.

ಮಹಾದೇವ ಬೆಚ್ಚಿಬಿದ್ದ ರಭಸಕ್ಕೆ ದೋಣಿ ಓಲಾಡಿತು. ಅವನು ಹಾರಿ ಎಂಜಿನ್ನಿನ ಹಗ್ಗ ಜಗ್ಗಿದ. ಎಂಜಿನ್ನು ಗುಡುಗಿತು. ನೀರಿನಲ್ಲಿದ್ದ ಬಲೆ ಸರ್ರನೆ ಬಿಗಿದು ಪಂಖದೊಳಗೆ ಹೋಯಿತು. ಎಂಜಿನ್ನು ಕೆಮ್ಮಿ ಸತ್ತಿತು. ಮತ್ತೆ ಜಗ್ಗಿದ. ಮತ್ತೆ ಜಗ್ಗಿದ. ಅಷ್ಟರಲ್ಲಿ ಪಂಚಶೀಲಾ ಅವನ ದೋಣಿಯ ಮೂತಿಯ ಬಳೆಗೆ ಕೊಕ್ಕೆ ಸಿಕ್ಕಿಸಿ, ಹಗ್ಗ ಬಿಟ್ಟು, ದಂಡೆಯ ಕಡೆ ತಿರುಗಿದಳು.

“ಹಗ್ಗ ಕೊಯ್ಯಲೇ ನಾಗಣ್ಣಾ!”

ನಾಗಣ್ಣನ ಕೈಯಲ್ಲಿ ಬಲೆ ಬಿಡಿಸುವ ಚಾಕು ಇತ್ತು. ಅಂಬಣ್ಣನನ್ನು ಕಂಬಕ್ಕೆ ಬಿಗಿದ ಕೈ ಅದು. ಪಂಚಶೀಲಾ ಅವನನ್ನೇ ನೋಡಿದಳು. ಅವನು ಹಗ್ಗ ಕೊಯ್ದರೆ ಎಲ್ಲ ಮುಗಿಯಿತು. ನಾಗಣ್ಣ ಅವಳ ಮುಖ ನೋಡಿದ, ಸಾವಿತ್ರಿಬಾಯಿಯ ಮುಖ ನೋಡಿದ. ಚಾಕುವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟ.

“ನಿನಗ ಹೇಳಾಕತ್ತೀನಲೇ!”

“ನೀವೇ ಕೊಯ್ಕೋರಿ ಸಾವಕಾರ್ರೆ,” ಎಂದ ನಾಗಣ್ಣ. ಚಾಕು ಮಾತ್ರ ಕೊಡಲಿಲ್ಲ.

ಹಗ್ಗ ಬಿಗಿಯಿತು. ಒಂದು ಕ್ಷಣ ಎರಡು ದೋಣಿಗಳೂ ನಿಂತಲ್ಲೇ ನಿಂತವು. ಆಮೇಲೆ ನಿಧಾನವಾಗಿ, ಎಮ್ಮೆ ನೀರಿನಿಂದ ಎದ್ದು ಬಂದಂತೆ, ಮಹಾದೇವನ ದೋಣಿ ಹಿಂದೆ ಹೊರಟಿತು. ಅವನು ಹಲಗೆಯೊಂದನ್ನು ಕಿತ್ತು ನೀರಿಗಿಟ್ಟು ತಡೆಯಲು ನೋಡಿದ. ಮೋಟಾರಿನ ಗುಂಯ್ ಒಂದಿಷ್ಟು ಆಳವಾಯಿತು, ಅಷ್ಟೇ. ನಡೆಯುವುದನ್ನು ಬಿಡಲಿಲ್ಲ.

ಆಗ ಮಹಾದೇವ ಬೈಯಲು ಶುರುಮಾಡಿದ. ಅವಳ ಜಾತಿ ಎತ್ತಿ ಬೈದ, ಅವಳ ಸತ್ತ ತಾಯಿಯನ್ನು ಬೈದ. ಬಿಸಿಲು ಬಿದ್ದು ಮಂಜು ಕರಗುತ್ತಿತ್ತು. ದಂಡೆಯ ಕಟ್ಟೆಯ ಮೇಲೆ ಹರಾಜಿಗೆ ಬಂದ ಮಂದಿ ಎದ್ದು ನಿಂತಿದ್ದು ಕಾಣಿಸುತ್ತಿತ್ತು. ಅವನು ಎಂಜಿನ್ನಿನ ಗದ್ದಲದ ಮೇಲೆ ಕೂಗಿ ಮಾತಾಡಿ ರೂಢಿಯಾದವನು. ಈಗ ಗದ್ದಲವಿಲ್ಲ ಅನ್ನುವುದು ಅವನ ಲಕ್ಷ್ಯಕ್ಕೆ ಬರಲಿಲ್ಲ.

“ನಿಮ್ಮಪ್ಪ ಎಂಜಿನ್ ಕದ್ದಾನ ಅಂತ ಅಂದೆ, ಊರು ನಂಬಿತು! ಎಂಜಿನ್ ನಾನೇ ಮಾರಿದ್ದೆ, ಯಾವನರ ಕೇಳಿದನೇನು? ನಾಳಿ ನಿನ್ನ ಮ್ಯಾಲೂ ಏನರ ಹೇಳ್ತೀನಿ, ಅದನ್ನೂ ನಂಬ್ತಾರ! ಇವರೆಲ್ಲಾ ನನ್ನ ಐಸಿನ ಮ್ಯಾಲ ಬದುಕೂ ಮಂದಿ!”

ನೀರು ಒಂದೊಂದು ಮಾತನ್ನೂ ಹೊತ್ತು ದಂಡೆಗೆ ಮುಟ್ಟಿಸಿತು. ಪಂಚಶೀಲಾ ಇದನ್ನು ಲೆಕ್ಕ ಹಾಕಿರಲಿಲ್ಲ. ಮೋಟಾರು ಆರಿಸುವಾಗ ತಾನು ಅವನಿಗೆ ಕೇಳಿಸಬಾರದು ಅಂದುಕೊಂಡಿದ್ದಳೇ ಹೊರತು, ಅವನು ಊರಿಗೆ ಕೇಳಿಸುತ್ತಾನೆ ಎಂದು ಹೊಳೆದಿರಲಿಲ್ಲ. ಅವಳು ಹಿಡಿಯನ್ನು ಇನ್ನಷ್ಟು ಸಡಿಲಿಸಿ ದೋಣಿಯನ್ನು ಮತ್ತೂ ನಿಧಾನ ಮಾಡಿದಳು. ಬೈಯಲಿ, ಪೂರ್ತಿ ಬೈಯಲಿ. ಒಂದೊಂದು ಬೈಗುಳಕ್ಕೂ ಅವಳ ಮೈಯಲ್ಲಿ ಬಿಸಿಬಿಸಿ ಖುಷಿಯೊಂದು ಏರುತ್ತಿತ್ತು.

ದೋಣಿ ದಂಡೆಗೆ ತಾಗಿದಾಗ ಕಟ್ಟೆಯ ಮಂದಿಯೆಲ್ಲ ನೀರಿನ ಅಂಚಿಗೆ ಬಂದಿದ್ದರು. ಮಹಾದೇವ ಇಳಿದು ಅವರ ಮುಖಗಳನ್ನು ನೋಡಿದ ಮೇಲೆಯೇ ಅವನಿಗೆ ಅರ್ಥವಾಗಿದ್ದು. “ಸಿಟ್ಟಿನ್ಯಾಗ ಏನೋ ಅಂದೆ,” ಎಂದ.

“ಸಿಟ್ಟಿನ್ಯಾಗ ಅಲ್ಲ, ಖರೇನೇ ಅಂದಾರ,” ಎಂದ ನಾಗಣ್ಣ ಹಿಂದಿನಿಂದ. “ಎಂಜಿನ್ ಒಯ್ದು ಹುಮನಾಬಾದಿನ್ಯಾಗ ಕೊಟ್ಟು ಬಂದಾವ ನಾನೇ. ಬಂದು ಅಂಬಣ್ಣನ ಕೈ ಕಟ್ಟಿದಾವನೂ ನಾನೇ.”

ಪಂಚಶೀಲಾ ದೋಣಿಯಿಂದ ಹೊಸ ನೈಲಾನ್ ಹಗ್ಗದ ಸುರುಳಿ ತೆಗೆದಳು. ಇಬ್ಬರು ಮೀನುಗಾರರು ಯಾರೂ ಹೇಳದೆಯೇ ಮಹಾದೇವನ ತೋಳು ಹಿಡಿದು ಕಂಬದ ಹತ್ತಿರ ನಿಲ್ಲಿಸಿದರು.

“ಸಾವಿತ್ರಿಬಾಯಿ, ನೀವು ಅಧ್ಯಕ್ಷರು! ಹೇಳ್ರಿ ಇವರಿಗೆ!” ಎಂದು ಕೂಗಿದ ಮಹಾದೇವ.

“ಆವತ್ತೂ ನಾವು ಸುಮ್ನ ನಿಂತಿದ್ವಿ,” ಎಂದಳು ಸಾವಿತ್ರಿಬಾಯಿ. “ಇವತ್ತೂ ಸುಮ್ನ ನಿಂತಿರ್ತೀವಿ.”

ಪಂಚಶೀಲಾ ಹಗ್ಗವನ್ನು ಅವನ ಸೊಂಟಕ್ಕೆ ಸುತ್ತಿದಳು.  ಗಂಟು ಹಾಕಿದರೆ ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಮಂದಿ ಅತ್ತಿತ್ತ ಸರಿದು ದಾರಿ ಬಿಟ್ಟರು. ಅಂಬಣ್ಣ ಬಂದಿದ್ದ. ಹೆಗಲ ಮೇಲೆ ಟವೆಲು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅವನು ಬಿಟ್ಟುಬಿಡು ಅನ್ನುತ್ತಾನೆ ಎಂದುಕೊಂಡಳು ಪಂಚಶೀಲಾ. ಅಂದರೂ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದಳು.

“ನಿನಗ ಗಂಟು ಹಾಕಾಕ ಬರಂಗಿಲ್ಲ, ಶೀಲಾ,” ಎಂದ ಅಂಬಣ್ಣ. “ಕೊಡು ಇಲ್ಲಿ.”

ಅವನು ಹಗ್ಗ ತೆಗೆದುಕೊಂಡು ಮಹಾದೇವನ ಸೊಂಟಕ್ಕೂ ಕಂಬಕ್ಕೂ ಸುತ್ತಿ, ಬದಿಯಲ್ಲಿ ಗಂಟು ಹಾಕಿದ. ಕೈಗಳನ್ನು ಕಟ್ಟಲಿಲ್ಲ. ಹಗ್ಗದ ತುದಿ ಮಹಾದೇವನ ಬಲಗೈ ಪಕ್ಕದಲ್ಲೇ ಇಳಿಬಿದ್ದಿತ್ತು. ಆಮೇಲೆ ಸ್ವಲ್ಪ ದೂರದಲ್ಲಿ ಕಟ್ಟೆಯ ಅಂಚಿಗೆ ಕೂತು ಬೀಡಿ ಹಚ್ಚಿದ.

ದೋಣಿಯ ಕೆಲಸ ಬಲ್ಲವರು ಆ ಗಂಟನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏನೂ ಹೇಳಲಿಲ್ಲ. ಹರಾಜು ಶುರುವಾಯಿತು.

ಮಹಾದೇವ ಮೊದಲು ಹೆದರಿಸಿದ. ಐಸು ಬಂದ್ ಮಾಡುತ್ತೇನೆ ಎಂದ. ಒಬ್ಬ ಮೀನುಗಾರ ಫೋನು ತೆಗೆದು, ಕಲಬುರಗಿಯಿಂದ ಬೇರೆ ಐಸಿನ ಗಾಡಿ ಕರೆಸಲು ಅಲ್ಲೇ ನಿಂತು ಮಾತಾಡಿದ. ಆಮೇಲೆ ಮಹಾದೇವ ಬೇಡಿಕೊಂಡ. ಆಮೇಲೆ ಸುಮ್ಮನಾದ. ಬಿಸಿಲು ಏರಿತು, ಅವನ ಮಫ್ಲರು ಬೆವರಿಗೆ ಒದ್ದೆಯಾಯಿತು. ರಸ್ತೆಯಲ್ಲಿ ಹೋಗುವವರು ಬಂದು ನೋಡಿ ಹೋದರು. ಕೆಲವರು ವಿಡಿಯೊ ತೆಗೆದರು. ಪಂಚಶೀಲಾ ಎದುರಿಗೆ ನಿಂತು ಎಲ್ಲವನ್ನೂ ನೋಡಿದಳು, ಬೇರೆ ಕಡೆ ಕಣ್ಣು ತೆಗೆಯಲಿಲ್ಲ. ನೀರು ಕುಡಿ ಎಂದು ಯಾರೋ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ.

ಕೊನೆಗೆ ಸಾವಿತ್ರಿಬಾಯಿ ತನ್ನ ಬುಟ್ಟಿ ಖಾಲಿ ಮಾಡಿ ಎದ್ದಳು. ಸೀರೆ ಕೊಡವಿಕೊಂಡು ಮಹಾದೇವನ ಮುಂದೆ ಬಂದು ನಿಂತಳು.

“ಎಷ್ಟೊತ್ತು ನಿಂತಿರ್ತೀಯೋ ಯಪ್ಪಾ? ಮನಿಗಿ ಹೋಗಂಗಿಲ್ಲೇನು?”

“ಬಿಚ್ಚಿದ್ರ ಹೋಗ್ತೀನಲ್ಲಾ ಆಯಿ!”

“ಕೈ ಬಾಜೂಕಿನ ತುದಿ ಎಳಿ.”

ಅವನಿಗೆ ತಿಳಿಯಲಿಲ್ಲ. ಬಲಗೈ ಪಕ್ಕದ ತುದಿ ಹಿಡಿದು ಮೆಲ್ಲಗೆ ಎಳೆದ. ಅಂಬಣ್ಣ ಹಾಕಿದ್ದು ಜಾರುಗಂಟು. ಅವಸರದಲ್ಲಿ ದೋಣಿ ಬಿಚ್ಚಲು ಹಾಕುವಂಥದ್ದು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದು. ಹಗ್ಗ ಸುರುಳಿಯಾಗಿ ಅವನ ಕಾಲ ಮೇಲೆ ಬಿತ್ತು. ಇಷ್ಟು ಹೊತ್ತೂ ಅವನು ಯಾವಾಗ ಬೇಕಾದರೂ ಹೋಗಬಹುದಿತ್ತು. ಕೆರೆಯಲ್ಲಿ ವರ್ಷಗಟ್ಟಲೆ ದೋಣಿ ಓಡಿಸಿದವನು ಒಮ್ಮೆಯೂ ತನ್ನ ದೋಣಿಯನ್ನು ತಾನೇ ಕಟ್ಟಿದವನಲ್ಲ, ಬಿಚ್ಚಿದವನಲ್ಲ.

ಯಾರು ಮೊದಲು ನಕ್ಕರೋ ಗೊತ್ತಾಗಲಿಲ್ಲ. ಆಮೇಲೆ ಇಡೀ ಕಟ್ಟೆ ನಕ್ಕಿತು. ಮೀನು ಮಾರುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಹಾದೇವ ಕೈಯಲ್ಲಿದ್ದ ಹಗ್ಗದ ತುದಿಯನ್ನೇ ನೋಡುತ್ತ ನಿಂತಿದ್ದ. ಅದನ್ನು ಬಿಡಬೇಕು ಅನ್ನುವುದೂ ಅವನಿಗೆ ತೋಚಲಿಲ್ಲ.

ಪಂಚಶೀಲಾಳಿಗೆ ಮೊದಲು ಬಂದದ್ದು ಸಿಟ್ಟು, ಅಪ್ಪನ ಮೇಲೆ. ಓಡಿಹೋಗಿ ಅವನ ಮುಂದೆ ನಿಂತಳು.

“ಬಿಗಿ ಕಟ್ಟಬೇಕಾಗಿತ್ತು ಅಪ್ಪಾ! ನಿನ್ನ ಕೈ ಮ್ಯಾಲ ಇನ್ನೂ ಕಲಿ ಅದಾವ. ಅವನಿಗೆ ಒಂದು ಗೆರಿ ಸುದ್ದಾ ಬೀಳಲಿಲ್ಲ!”

ಅಂಬಣ್ಣ ಬೀಡಿ ಕಲ್ಲಿಗೆ ಒತ್ತಿ ಆರಿಸಿದ. “ನನ್ನನ್ನ ಬಿಗಿ ಕಟ್ಟಿದ್ರು. ಅದಕ್ಕ ನಿಂತೆ. ಅವನ್ನ ಏನು ಹಿಡಿದು ನಿಲ್ಲಿಸಿತ್ತು, ಕೇಳು ಹೋಗು.”

ಅವಳು ತಿರುಗಿ ನೋಡಿದಳು. ಮಹಾದೇವ ಮಂದಿಯ ನಡುವೆ ದಾರಿ ಹುಡುಕುತ್ತ ಹೋಗುತ್ತಿದ್ದ. ದಾರಿ ಬಿಟ್ಟವರೂ ನಗುತ್ತಿದ್ದರು. ಹಗ್ಗದ ಕಲೆ ಕೆಲವು ವರ್ಷಕ್ಕಾದರೂ ಮಾಯುತ್ತಿತ್ತು. ಇದು ಮಾಯುವಂಥದ್ದಲ್ಲ ಎಂದು ಅವಳಿಗೆ ಅವನ ನಡಿಗೆಯಲ್ಲೇ ಕಂಡಿತು. ತನ್ನ ಸೇಡಿಗಿಂತ ಅಪ್ಪನದು ದೊಡ್ಡದು ಅನ್ನಿಸಿ ಒಂದು ಕ್ಷಣ ಅಪ್ಪನ ಬಗ್ಗೆ ಹೆದರಿಕೆಯೂ ಆಯಿತು.

ಮಹಾದೇವ ಅಂದೇ ಪೊಲೀಸರಿಗೆ ದೂರು ಕೊಟ್ಟ, ನನ್ನನ್ನು ಕಟ್ಟಿಹಾಕಿದ್ದರು ಎಂದು. ವಿಚಾರಣೆಗೆ ಬಂದವರಿಗೆ ಕಟ್ಟೆಯವರೆಲ್ಲ ಒಂದೇ ಮಾತು ಹೇಳಿದರು: ಗಂಟಿನ ತುದಿ ಅವನ ಕೈ ಪಕ್ಕದಲ್ಲೇ ಇತ್ತು, ಅವನಾಗಿಯೇ ನಿಂತಿದ್ದ. ವಿಡಿಯೊಗಳಲ್ಲೂ ಹಾಗೇ ಕಾಣುತ್ತಿತ್ತು. ಪಂಚಶೀಲಾ ಮಾತ್ರ ಠಾಣೆಯಲ್ಲಿ, “ಕಟ್ಟಬೇಕಂತನೇ ಹಗ್ಗ ಒಯ್ದಿದ್ದೆ,” ಎಂದು ಬರೆಸಿದಳು. ಅದನ್ನು ಮುಚ್ಚಿಡುವ ಮನಸ್ಸಿರಲಿಲ್ಲ ಅವಳಿಗೆ. ಅವಳ ಮೇಲೊಂದು ಕೇಸಾಯಿತು. ಮಹಾದೇವನ ಮೇಲೆ ಮೀನು ಕದ್ದದ್ದು, ಜಾತಿ ಎತ್ತಿ ಬೈದದ್ದು, ಸುಳ್ಳು ಕಳ್ಳತನ ಹೊರಿಸಿ ಕಟ್ಟಿಸಿದ್ದು, ಎಲ್ಲ ಸೇರಿ ದೊಡ್ಡ ಕೇಸಾಯಿತು. ನಾಗಣ್ಣ ಸಾಕ್ಷಿ ಹೇಳಿದ. ಪಂಚಶೀಲಾ ಅವನ ಜೊತೆ ಮಾತ್ರ ಇವತ್ತಿಗೂ ಮಾತಾಡುವುದಿಲ್ಲ. ಸಂಘ ಬೇರೆ ಐಸು ಹಿಡಿಯಿತು. ಮಹಾದೇವನ ದೋಣಿ ಪಂಖದಲ್ಲಿ ಬಲೆ ಸುತ್ತಿಕೊಂಡೇ ದಂಡೆಯಲ್ಲಿ ಒಣಗಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಮಹಾದೇವನ ದೊಡ್ಡಪ್ಪ ಕಲ್ಯಾಣಪ್ಪ ಅಂಬಣ್ಣನ ಮನೆಗೆ ಬಂದರು. ಹಿಂದೆ ಎಂದೂ ಆ ಓಣಿಗೆ ಕಾಲಿಟ್ಟವರಲ್ಲ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆಯೊಂದಿತ್ತು.

“ಅಂಬಣ್ಣಾ, ಹುಡುಗ ತಪ್ಪು ಮಾಡ್ಯಾನ. ರಾಜಿ ಮಾಡ್ಕೊಂಡು ಕೇಸ್ ವಾಪಸ್ ತಗೋರಿ. ಅಂವ ಮನಿ ಬಿಟ್ಟು ಹೊರಗ ಬರವಲ್ಲ. ಮಾಫ್ ಮಾಡಿಬಿಡ್ರಿ.”

ಅಂಬಣ್ಣ ಅವರನ್ನು ಕುರ್ಚಿಯ ಮೇಲೆ ಕೂರಿಸಿದ. ಪಂಚಶೀಲಾ ಚಹಾ ತಂದುಕೊಟ್ಟು, ಉತ್ತರ ಕೇಳಲು ಬಾಗಿಲಲ್ಲೇ ನಿಂತಳು. ಕಲ್ಯಾಣಪ್ಪ ಲೋಟ ನೋಡಿ, ಒಂದಿಷ್ಟು ತಡೆದು, ಕುಡಿದರು.

“ಮಾಫಿ ನೀವ್ಯಾಕ ಕೇಳ್ತೀರಿ ಸಾವಕಾರ್ರೆ? ತಪ್ಪು ನಿಮ್ಮದಲ್ಲ,” ಎಂದ ಅಂಬಣ್ಣ. “ಅಂವ ಬರಲಿ. ಹರಾಜಿನ ಹೊತ್ತಿನ್ಯಾಗ ಕಟ್ಟಿ ಮ್ಯಾಲ ನಿಂತು, ನಾಲ್ಕು ಮಂದಿ ಮುಂದ ಕೇಳಲಿ.”

“ಅಲ್ಲಿಗೆ ಅಂವ ಬರಂಗಿಲ್ಲ, ಅಂಬಣ್ಣಾ. ನಿನಗೂ ಗೊತ್ತದ.”

“ಗೊತ್ತದ,” ಎಂದ ಅಂಬಣ್ಣ.

ಕಲ್ಯಾಣಪ್ಪ ಇನ್ನೂ ಸ್ವಲ್ಪ ಹೊತ್ತು ಕೂತರು, ಏನಾದರೂ ಹೇಳುತ್ತಾನೇನೋ ಎಂದು. ಅಂಬಣ್ಣ ಹವೆಯ ಮಾತಾಡಿದ, ಈ ಸಲದ ಮೀನಿನ ಮಾತಾಡಿದ. ಅವರು ಎದ್ದು ಹೋದರು. ಬಾಳೆಯ ಗೊನೆ ಅಂಗಳದಲ್ಲೇ ಉಳಿಯಿತು.

“ಒಯ್ದು ಅವರ ಮನಿ ಮುಂದ ಇಟ್ಟು ಬರ್ತೀನಿ,” ಎಂದು ಪಂಚಶೀಲಾ ಗೊನೆ ಎತ್ತಲು ಹೋದಳು.

“ಯಾಕ? ಹಣ್ಣೇನು ತಪ್ಪು ಮಾಡ್ಯಾವ?” ಎಂದ ಅಂಬಣ್ಣ. ಒಂದು ಹಣ್ಣು ಕಿತ್ತು, ಸಿಪ್ಪೆ ಸುಲಿದು, ಬಾಗಿಲಲ್ಲಿ ಕೂತು ಸಾವಕಾಶ ತಿಂದ. ಇನ್ನೊಂದು ಅವಳ ಕಡೆ ಚಾಚಿದ. ಪಂಚಶೀಲಾ ಬೇಡ ಎಂದು ತಲೆಯಾಡಿಸಿ, ನಾಳೆ ನಸುಕಿಗೆ ಅಪ್ಪ ಕೆರೆಗೆ ಹೋಗಲೆಂದು ದೋಣಿಯ ಬ್ಯಾಟರಿ ಚಾರ್ಜಿಗೆ ಹಾಕಿದಳು.